ಪೇಟಿ ಬಿಗಿ ಅದ ಅಂದ್ರ, ರೇಟು ಏರ್ತದ ಅಂತಲ್ಲ

2025ರ ಫೆಬ್ರುವರಿ. ಸುರಪುರ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆವು. ಅರವತ್ತರ ಆಸುಪಾಸಿನ ಒಬ್ಬರು ಹತ್ತಿರ ಬಂದು ಕೇಳಿದರು: "ನೀವಾ ಪೇಪರ್‌ದವ್ರು?" ಹೌದು ಕಾಕಾ, ಏನಾಗಬೇಕಿತ್ತು ಅಂದೆವು.

"ತೊಗರಿ ಏರಲಿದೆ ಅಂತ ಬರದಿದ್ರಲ್ಲ, ಯಾವಾಗ ಏರ್ತದ್ರಿ ಸರ? ಹತ್ತು ಕ್ವಿಂಟಲ್ ಇನ್ನಾ ಮನ್ಯಾಗ ಅದ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. 2024ರ ಮಳೆಗಾಲದಲ್ಲಿ ತೊಗರಿ ಕ್ವಿಂಟಲ್‌ಗೆ ಹತ್ತು ಸಾವಿರದ ಮೇಲಿತ್ತು. ಆಗ ಅಡತಿ ಅಂಗಡಿಯವರು ಕೇಳಿದರೂ ಅವರು ಕೊಡಲಿಲ್ಲ. ಮೊಬೈಲಿನಲ್ಲಿ ಮಗ ಓದಿ ಹೇಳಿದ್ದ: ತೊಗರಿ ಬೆಲೆ ಮತ್ತಷ್ಟು ಏರಲಿದೆ. ಆ ಸುದ್ದಿ ಬರೆದವರು ನಾವೇ. ಫೆಬ್ರುವರಿ ಹೊತ್ತಿಗೆ ಪೇಟೆ ಬೆಲೆ ಕೇಂದ್ರದ ಬೆಂಬಲ ಬೆಲೆ ₹7,550ಕ್ಕಿಂತ ಕೆಳಗೆ ಬಂದಿತ್ತು. ಕ್ವಿಂಟಲ್‌ಗೆ ಎರಡೂವರೆ ಸಾವಿರ ಅಂತ ಹಿಡಿದರೂ ಹತ್ತು ಕ್ವಿಂಟಲ್‌ಗೆ ಇಪ್ಪತ್ತೈದು ಸಾವಿರ ರೂಪಾಯಿ.

ಮನೆಗೆ ಬಂದು ಹಳೆಯ ಸುದ್ದಿ ತೆಗೆದು ನೋಡಿದೆವು. ಅದಕ್ಕೆ ಮೂಲ ಇಂಗ್ಲಿಷಿನಲ್ಲಿ ಬಂದಿದ್ದ ಒಂದು ಟಿಪ್ಪಣಿ. ಅದರಲ್ಲಿದ್ದದ್ದು ಇಷ್ಟೇ: ಹೊಸ ಮಾಲು ಬರುವ ತನಕ ಬೆಲೆ ‘ಫರ್ಮ್’ ಆಗಿ ಇರುವ ಸಾಧ್ಯತೆ ಇದೆ. ನಾವು ಬರೆದದ್ದು: ಬೆಲೆ ಮತ್ತಷ್ಟು ಏರಲಿದೆ.

ಒಂದು ಸಾಲಿನಲ್ಲಿ ಮೂರು ತಪ್ಪು. ‘ಫರ್ಮ್’ ಅಂದರೆ ಬಿಗಿ, ಇದ್ದಲ್ಲೇ ಗಟ್ಟಿಯಾಗಿ ನಿಲ್ಲುವುದು. ಅದನ್ನು ಏರಿಕೆ ಮಾಡಿದೆವು. ಸಾಧ್ಯತೆ ಅಂತ ಇದ್ದದ್ದನ್ನು ಖಾತ್ರಿ ಮಾಡಿದೆವು. ‘ಹೊಸ ಮಾಲು ಬರುವ ತನಕ’ ಅನ್ನುವ ಗಡುವನ್ನು ಬಿಟ್ಟೇಬಿಟ್ಟೆವು. ಹೊಸ ತೊಗರಿ ನಮ್ಮ ಕಡೆ ಡಿಸೆಂಬರ್‌ನಿಂದಲೇ ಬರತೊಡಗುತ್ತದೆ. ಮೇಲಾಗಿ ಸುಂಕವಿಲ್ಲದೆ ತೊಗರಿ ಆಮದು ಮಾಡಿಕೊಳ್ಳುವ ಅವಧಿಯನ್ನು ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಮುಂದಿನ ವರ್ಷದ ಮಾರ್ಚ್‌ವರೆಗೆ ವಿಸ್ತರಿಸಿತು. ಬೆಲೆ ಇಳಿಯಲು ಕಾರಣಗಳು ಕಣ್ಣೆದುರೇ ಇದ್ದವು. ಆದರೆ ನಮ್ಮ ಸುದ್ದಿಯಲ್ಲಿ ಅವಕ್ಕೆ ಜಾಗ ಇರಲಿಲ್ಲ.

ಬೆಲೆ, ವ್ಯಾಪಾರ, ಖರ್ಚಿನ ಸುದ್ದಿ ಬಹುಪಾಲು ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ಅರ್ಥ ಸೋರುತ್ತದೆ. ಆ ಸೋರಿಕೆಯ ನಷ್ಟ ಪತ್ರಿಕೆಗೆ ತಟ್ಟುವುದಿಲ್ಲ, ಯಾದಗಿರಿ, ಶಹಾಪುರ, ಸುರಪುರದ ರೈತರಿಗೆ ತಟ್ಟುತ್ತದೆ. ಆದ್ದರಿಂದ ಈ ಮಾತುಗಳ ಲೆಕ್ಕವನ್ನು ಓದುಗರ ಎದುರೇ ಬಿಚ್ಚಿಡುವುದು ಒಳ್ಳೆಯದು ಅನ್ನಿಸಿದೆ.

ಪೇಟೆಯಲ್ಲಿ ಮಾತು ಇತ್ತು, ನಾವೇ ಬಿಟ್ಟೆವು

ನಮ್ಮ ಎಪಿಎಂಸಿ ಪ್ರಾಂಗಣದಲ್ಲಿ ಹೋಗಿ ನಿಲ್ಲಿ. "ಪೇಟಿ ತೇಜಿ ಅದ" ಅಂದರೆ ಕೊಳ್ಳುವವರು ಹೆಚ್ಚು, ಬೆಲೆ ಏರುತ್ತಿದೆ. "ಮಂದಿ ಅದ" ಅಂದರೆ ಕೇಳುವವರಿಲ್ಲ, ಬೆಲೆ ಇಳಿಮುಖ. "ಬಿಗಿ ಅದ" ಅಂದರೆ ಇದ್ದ ಬೆಲೆ ಬಿಟ್ಟುಕೊಡುತ್ತಿಲ್ಲ. "ಆವಕ ಹೆಚ್ಚಾಗ್ಯಾದ" ಅಂದರೆ ಮಾಲು ಜಾಸ್ತಿ ಬಂದಿದೆ. ಶಾಲೆ ಕಟ್ಟೆ ಹತ್ತದ ಹಮಾಲರಿಗೂ ಈ ನಾಲ್ಕು ಮಾತಿನ ವ್ಯತ್ಯಾಸ ಗೊತ್ತು. ಡಿಪ್ಲೊಮಾ ಮಾಡಿದ ನಮಗೆ ಗೊತ್ತಿರುವುದು ಎರಡೇ: ಏರಿಕೆ, ಕುಸಿತ.

ಇಂಗ್ಲಿಷಿನಲ್ಲಿ ವ್ಯಾಪಾರದ ಸುದ್ದಿ ಬರೆಯುವವರು ಮಾತನ್ನು ಅಳತೆ ನೋಡಿ ಬಳಸುತ್ತಾರೆ. ಸ್ವಲ್ಪ ಏರಿದರೆ ‘ಎಡ್ಜ್ ಅಪ್’, ಸಾಮಾನ್ಯವಾಗಿ ಏರಿದರೆ ‘ರೈಸ್’, ಒಮ್ಮೆಲೇ ಜಿಗಿದರೆ ‘ಸರ್ಜ್’. ತುಸು ಇಳಿದರೆ ‘ಡಿಪ್’, ಇಳಿದರೆ ‘ಫಾಲ್’, ಧುಮುಕಿದರೆ ‘ಪ್ಲಂಜ್’. ಏರಿ ಇಳಿದು ಆಡುತ್ತಿದ್ದರೆ ‘ಫ್ಲಕ್ಚುಯೇಟ್’, ಏರುವುದು ನಿಂತು ಸಮವಾದರೆ ‘ಲೆವೆಲ್ ಆಫ್’. ಕನ್ನಡದಲ್ಲಿ ಇವಕ್ಕೆ ಮಾತಿಲ್ಲವೇ? ಇದೆ. ತುಸು ಏರಿತು, ಏರಿತು, ಜಿಗಿಯಿತು. ತುಸು ಇಳಿಯಿತು, ಇಳಿಯಿತು, ಕುಸಿಯಿತು. ಏರಿಳಿಯುತ್ತಿದೆ, ನಿಂತಿದೆ, ಬಿಗಿ ಇದೆ. ಆದರೆ ಡಿಪ್ ಬಂದರೂ ಕುಸಿತ, ಪ್ಲಂಜ್ ಬಂದರೂ ಕುಸಿತ ಅಂತಲೇ ನಾವು ಬರೆಯುತ್ತೇವೆ.

ಹಳೆಯ ಮಣ್ಣಿನ ಗೋಡೆ ಮಳೆಗೆ ಕುಸಿಯುತ್ತದೆ. ಏಳೂವರೆ ಸಾವಿರದ ತೊಗರಿ ಐವತ್ತು ರೂಪಾಯಿ ಕಡಿಮೆಯಾದರೆ ಅದು ಕುಸಿತವಲ್ಲ. ಅದಕ್ಕೂ ಕುಸಿತ ಅಂದರೆ ಮೂರು ಸಾವಿರ ಬಿದ್ದ ದಿನ ಯಾವ ಮಾತು ಉಳಿಯುತ್ತದೆ?

ಇದು ಬರೀ ಮಾತಿನ ವಿಷಯವೂ ಅಲ್ಲ. ಕುಸಿತ ಅಂತ ಓದಿದ ಊರಿನವರೆಲ್ಲ ಹೆದರಿ ಮರುದಿನವೇ ಟಂಟಂ, ಟ್ರ್ಯಾಕ್ಟರ್ ತುಂಬಿದರೆ ಆವಕ ಹೆಚ್ಚುತ್ತದೆ, ಆಗ ಬೆಲೆ ನಿಜವಾಗಿಯೂ ಇಳಿಯಬಹುದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಬಿತ್ತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಅದಕ್ಕೆ ಪತ್ರಿಕೆ ಕಾರಣ ಅಂತ ನಾವು ಹೇಳುತ್ತಿಲ್ಲ. ವರ್ಷದ ದುಡಿಮೆ ಒಂದು ಬೆಳಿಗ್ಗೆ ಅರ್ಧವಾದರೆ ಮನುಷ್ಯನಿಗೆ ಏನಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಅಂಥ ದಿನಕ್ಕೆ ಬೇಕಾದ ಮಾತನ್ನು ದಿನಾ ಖರ್ಚು ಮಾಡಬಾರದು.

‘ಕ್ಕೆ’ ಬೇರೆ, ‘ರಷ್ಟು’ ಬೇರೆ

ಇಂಗ್ಲಿಷಿನಲ್ಲಿ ‘ರೋಸ್ ಟು’ ಮತ್ತು ‘ರೋಸ್ ಬೈ’ ಅಂತ ಎರಡಿವೆ. ಎಷ್ಟಕ್ಕೆ ಮುಟ್ಟಿತು ಅನ್ನುವುದು ಒಂದು, ಎಷ್ಟು ಹೆಚ್ಚಾಯಿತು ಅನ್ನುವುದು ಇನ್ನೊಂದು. ಕನ್ನಡದಲ್ಲಿ ಇದು ಇನ್ನೂ ಸಲೀಸು: ‘8,000ಕ್ಕೆ ಏರಿತು’, ‘450ರಷ್ಟು ಏರಿತು’. ಆದರೆ ತಲೆಬರಹದಲ್ಲಿ ಜಾಗ ಉಳಿಸಲು ‘ತೊಗರಿಗೆ ₹450 ಏರಿಕೆ’ ಅಂತ ಹಾಕುತ್ತೇವೆ. ಯಾವುದರ ಮೇಲೆ, ಯಾವ ವರ್ಷಕ್ಕೆ, ಯಾರು ಕೊಡುವುದು ಅಂತ ಹೇಳುವುದಿಲ್ಲ.

2025ರಲ್ಲಿ ಇದೇ ಗೊಂದಲ ಆಯಿತು. ವರ್ಷದ ಆರಂಭದಲ್ಲಿ ರಾಜ್ಯ ಸರ್ಕಾರ 2024-25ರ ಬೆಂಬಲ ಬೆಲೆ ₹7,550ರ ಮೇಲೆ ₹450 ಪ್ರೋತ್ಸಾಹಧನ ಕೊಡುವುದಾಗಿ ಹೇಳಿತು. ಎರಡೂ ಸೇರಿ ₹8,000. ಮೇ ಕೊನೆಗೆ ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆಯನ್ನೇ ₹450 ಏರಿಸಿ ₹8,000 ಮಾಡಿತು. ಅದೇ 450, ಅದೇ 8,000. ಆದರೆ ಮೊದಲನೆಯದು ಆ ಒಂದು ಹಂಗಾಮಿನ, ಖರೀದಿ ಕೇಂದ್ರಕ್ಕೆ ಕೊಟ್ಟ ಮಾಲಿಗೆ ರಾಜ್ಯ ಕೊಟ್ಟ ಹಣ. ಎರಡನೆಯದು ಮುಂದಿನ ಬೆಳೆಗೆ ಕೇಂದ್ರ ನಿಗದಿ ಮಾಡಿದ ಬೆಲೆ. ಎರಡು ಸುದ್ದಿಯನ್ನೂ ಒಂದೇ ತಲೆಬರಹದಲ್ಲಿ ಓದಿದ ರೈತರು ಎರಡನ್ನೂ ಕೂಡಿಸಿ ₹8,450 ಅಂತ ಲೆಕ್ಕ ಹಾಕಿದರೆ ಅದು ಅವರ ತಪ್ಪಲ್ಲ.

ಹತ್ತಿಯದೂ ಅಷ್ಟೇ. 2025-26ಕ್ಕೆ ಉದ್ದ ಎಳೆಯ ಹತ್ತಿಗೆ ₹8,110, ಮಧ್ಯಮ ಎಳೆಯದಕ್ಕೆ ₹7,710. ‘ಹತ್ತಿಗೆ ₹8,110’ ಅಂತ ಬರೆದರೆ ಸಾಲದು. ಆ ಬೆಲೆ ಶೇ 8ರಷ್ಟು ತೇವಾಂಶದ ಮಾಲಿಗೆ. ಅದಕ್ಕಿಂತ ಹೆಚ್ಚಿದ್ದರೆ ಕಡಿತ, ಶೇ 12 ದಾಟಿದರೆ ಸಿಸಿಐ ಖರೀದಿ ಮಾಡುವುದಿಲ್ಲ. ‘ಗರಿಷ್ಠ’ ಅನ್ನುವ ಒಂದು ಮಾತು ಬಿಟ್ಟರೆ, ಹಸಿ ಹತ್ತಿ ಹೇರಿಕೊಂಡು ಹೋದವರು ಗೇಟಿನಲ್ಲಿ ನಿಂತು ಕಣ್ಣೀರು ಹಾಕುತ್ತಾರೆ.

ಪೇಟೆ ಧಾರಣೆಯಲ್ಲಿ ಇನ್ನೊಂದು ಜಾಗ್ರತೆ ಬೇಕು. ಸರ್ಕಾರದ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಪ್ರತಿ ಮಾಲಿಗೆ ಮೂರು ಬೆಲೆ ಇರುತ್ತದೆ: ಕನಿಷ್ಠ, ಗರಿಷ್ಠ, ಮೋಡಲ್. ಮೋಡಲ್ ಅಂದರೆ ಆ ದಿನ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು. ಒಬ್ಬರ ಎರಡು ಚೀಲಕ್ಕೆ ಸಿಕ್ಕ ಗರಿಷ್ಠ ಬೆಲೆ ತಲೆಬರಹವಾಗುತ್ತದೆ. ನಿಮ್ಮ ಮಾಲಿಗೆ ಸಿಗುವುದು ಬಹುತೇಕ ಮೋಡಲ್‌ನ ಆಸುಪಾಸು. ಮೊಬೈಲಿನಲ್ಲಿ ನೋಡುವಾಗ ಆ ಮೂರನೆಯ ಅಂಕಿ ಹುಡುಕಿ.

ಬಸ್ಸು ನಿಧಾನ ಆಯಿತು, ಹಿಂದಕ್ಕೆ ಬರಲಿಲ್ಲ

2024ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 6.21 ಇತ್ತು. 2025ರ ಮೇ ತಿಂಗಳಲ್ಲಿ ಶೇ 2.82. ‘ಹಣದುಬ್ಬರ ಇಳಿಕೆ’ ಅಂತ ಸುದ್ದಿ ಬಂದಾಗ ಕೆಲವರು ‘ಬೆಲೆ ಇಳಿಕೆ’ ಅಂತ ಬರೆದರು. ಸಂತೆಗೆ ಹೋದ ಹೆಣ್ಣುಮಕ್ಕಳು ನಕ್ಕರು. ಎಣ್ಣೆ ಎಲ್ಲಿ ಇಳದದ್ರಿ?

ಹಣದುಬ್ಬರ ಅಂದರೆ ಬೆಲೆಯಲ್ಲ, ಬೆಲೆ ಏರುವ ವೇಗ. ಯಾದಗಿರಿಯಿಂದ ಶಹಾಪುರಕ್ಕೆ ಹೊರಟ ಬಸ್ಸು ಅರವತ್ತರ ವೇಗದಿಂದ ಮೂವತ್ತಕ್ಕೆ ಬಂದರೆ ಬಸ್ಸು ಯಾದಗಿರಿಗೆ ವಾಪಸ್ ಬಂದಂತಲ್ಲ. ಮುಂದಕ್ಕೇ ಹೋಗುತ್ತಿದೆ, ನಿಧಾನವಾಗಿ. ಹಿಂದಿನ ವರ್ಷದ ಮೇ ತಿಂಗಳಲ್ಲಿ ನೂರು ರೂಪಾಯಿ ಇದ್ದ ಸಾಮಾನು 2025ರ ಮೇ ತಿಂಗಳಲ್ಲಿ ನೂರಾ ಎರಡು ರೂಪಾಯಿ ಎಂಬತ್ತೆರಡು ಪೈಸೆ ಆಗಿತ್ತು, ಅಷ್ಟೇ ಅದರ ಅರ್ಥ.

ನಮ್ಮ ತೊಗರಿಯಿಂದಲೇ ಇದನ್ನು ಹೇಳಬಹುದು. ಬೆಂಬಲ ಬೆಲೆ 2023-24ರಲ್ಲಿ ₹7,000, ಮುಂದಿನ ವರ್ಷ ₹7,550, ಅದರ ಮುಂದಿನ ವರ್ಷ ₹8,000. ಮೊದಲ ಸಲ 550 ಹೆಚ್ಚಳ, ಎರಡನೆಯ ಸಲ 450. ಏರಿಕೆ ಇಳಿಯಿತು, ಬೆಲೆ ಇಳಿಯಲಿಲ್ಲ. ತೊಗರಿಯ ಲೆಕ್ಕ ಅರ್ಥವಾದವರಿಗೆ ಹಣದುಬ್ಬರದ ಲೆಕ್ಕವೂ ಅರ್ಥವಾಗುತ್ತದೆ. ಹಾಗೆ ಹೇಳದೇ ಇರುವುದು ನಮ್ಮ ಸೋಮಾರಿತನ.

ಶೇಕಡಾ ಮಾಡುವ ಮೋಸ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ‘ಬೈಕ್ ಶೇ 10ರಷ್ಟು ಅಗ್ಗ’ ಅಂತ ಬಹಳ ಜನ ತಿಳಿದರು. ಲೆಕ್ಕ ಮಾಡಿ ನೋಡೋಣ. ತೆರಿಗೆ ಬಿಟ್ಟು ₹70,000 ಇರುವ ಬೈಕು ಅಂತ ಇಟ್ಟುಕೊಳ್ಳಿ. ಮೊದಲು ತೆರಿಗೆ ಸೇರಿ ₹89,600. ಈಗ ₹82,600. ಉಳಿತಾಯ ₹7,000. ಇದು ಹಳೆಯ ಬೆಲೆಯ ಶೇ 7.8ರಷ್ಟು, ಶೇ 10 ಅಲ್ಲ. 28ರಿಂದ 18ಕ್ಕೆ ಇಳಿದದ್ದು ಹತ್ತು ‘ಶೇಕಡಾ ಅಂಶ’. ಇಂಗ್ಲಿಷಿನಲ್ಲಿ ಅದನ್ನು ‘ಪರ್ಸೆಂಟೇಜ್ ಪಾಯಿಂಟ್’ ಅಂತ ಬೇರೆಯೇ ಕರೆಯುತ್ತಾರೆ. ನಾವು ‘ಅಂಶ’ವನ್ನು ನುಂಗಿಬಿಡುತ್ತೇವೆ.

ಏರಿಳಿತದಲ್ಲೂ ಶೇಕಡಾ ಮೋಸ ಮಾಡುತ್ತದೆ. ಇದು ಲೆಕ್ಕಕ್ಕಾಗಿ ಹೇಳುವ ಮಾತು: ಮೆಣಸಿನಕಾಯಿ ₹20,000 ಇದ್ದು ಶೇ 25ರಷ್ಟು ಬಿದ್ದರೆ ₹15,000. ಮರುತಿಂಗಳು ಶೇ 25ರಷ್ಟು ಏರಿದರೆ ಮತ್ತೆ ಇಪ್ಪತ್ತು ಸಾವಿರ ಆಯಿತಾ? ಇಲ್ಲ, ₹18,750. ‘ಬಿದ್ದಷ್ಟೇ ಏರಿತು’ ಅಂತ ಬರೆದರೆ ₹1,250 ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ, ಕೈಗೆ ಬರುವುದಿಲ್ಲ.

‘ಹಳ್ಳಿಗಳಲ್ಲಿ ಖರೀದಿ ಹೆಚ್ಚಳ’ ಅನ್ನುವ ಸುದ್ದಿಗಳೂ ಹೀಗೇ. ಕಿರಾಣಿ ಅಂಗಡಿಯಲ್ಲಿ ಮೊದಲು ಹತ್ತು ರೂಪಾಯಿಯ ನೂರು ಪೊಟ್ಟಣ ಹೋಗುತ್ತಿದ್ದವು, ಗಲ್ಲೆಗೆ ಸಾವಿರ. ಈಗ ಹನ್ನೊಂದು ರೂಪಾಯಿಯಂತೆ ತೊಂಬತ್ತೈದು ಹೋಗುತ್ತಿವೆ ಅನ್ನಿ, ಗಲ್ಲೆಗೆ ಸಾವಿರದ ನಲವತ್ತೈದು. ವ್ಯಾಪಾರ ಹೆಚ್ಚಿದೆ, ಆದರೆ ಜನ ಕಡಿಮೆ ಕೊಂಡಿದ್ದಾರೆ. ಕಂಪನಿಗಳು ತಮ್ಮ ವರದಿಯಲ್ಲಿ ಹಣದ ಲೆಕ್ಕ, ಮಾಲಿನ ಲೆಕ್ಕ ಎರಡನ್ನೂ ಬೇರೆ ಬೇರೆ ಹೇಳುತ್ತವೆ. ನಾವು ಒಂದನ್ನೇ ಎತ್ತಿಕೊಳ್ಳುತ್ತೇವೆ.

ಕೇಂದ್ರದ ಮನೆಖರ್ಚಿನ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 2022-23ರಲ್ಲಿ ₹3,773, 2023-24ರಲ್ಲಿ ₹4,122. ಶೇ 9ರಷ್ಟು ಹೆಚ್ಚಳ. ಓದಲು ಚೆನ್ನಾಗಿದೆ. ಆದರೆ ಆ ಅವಧಿಯಲ್ಲಿ ಸಾಮಾನುಗಳ ಬೆಲೆಯೂ ಸುಮಾರು ಶೇ 5ರಷ್ಟು ಏರಿತ್ತು. ಅದನ್ನು ಕಳೆದು ಉಳಿದದ್ದು ಮಾತ್ರ ನಿಜವಾದ ಹೆಚ್ಚಳ. ಮೇಲಾಗಿ ಅದು ಇಡೀ ದೇಶದ ಸರಾಸರಿ, ನಮ್ಮ ಜಿಲ್ಲೆಯದಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು ಶೇ 51.83, ರಾಜ್ಯದಲ್ಲೇ ಕೊನೆ. ಸರಾಸರಿಯ ಸುದ್ದಿಯಲ್ಲಿ ನಮ್ಮ ಜಿಲ್ಲೆ ಕಾಣುವುದಿಲ್ಲ ಅನ್ನುವುದು ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಏರಿತು, ಏರುತ್ತಿದೆ, ಏರಬಹುದು

ಕ್ರಿಯಾಪದದ ಬಾಲದಲ್ಲಿ ದುಡ್ಡಿದೆ. ‘ಏರಿತು’ ಅಂದರೆ ಆದದ್ದು, ಈಗ ಹೇಗಿದೆಯೋ ಗೊತ್ತಿಲ್ಲ. ‘ಏರಿದೆ’ ಅಂದರೆ ಏರಿ ಅಲ್ಲೇ ಇದೆ. ‘ಏರುತ್ತಿದೆ’ ಅಂದರೆ ಇನ್ನೂ ನಡೆದಿದೆ. ‘ಏರಬಹುದು’ ಅಂದರೆ ಒಬ್ಬರ ಅಂದಾಜು. ‘ಏರಲಿದೆ’ ಅಂದರೆ ನಡೆದೇ ತೀರುವುದು. ನಾಳೆ ರೈಲು ಹೊರಡಲಿದೆ ಅನ್ನಬಹುದು, ವೇಳಾಪಟ್ಟಿ ಇದೆ. ನಾಳೆ ತೊಗರಿ ಏರಲಿದೆ ಅನ್ನಲು ಯಾರ ಹತ್ತಿರವೂ ವೇಳಾಪಟ್ಟಿ ಇಲ್ಲ. ಇಂಗ್ಲಿಷಿನ ‘ಮೇ’, ‘ಲೈಕ್ಲಿ’, ‘ಎಕ್ಸ್‌ಪೆಕ್ಟೆಡ್’ ಮೂರನ್ನೂ ನಾವು ‘ಲಿದೆ’ ಮಾಡುತ್ತೇವೆ. ಅಂದಾಜು ಮಾಡಿದವರ ಹೆಸರೂ ಬಿಟ್ಟುಹೋಗುತ್ತದೆ. ಹೇಳಿದವರು ವ್ಯಾಪಾರಿಯೋ, ಅಧಿಕಾರಿಯೋ, ರೈತ ಮುಖಂಡರೋ? ಗೋದಾಮಿನಲ್ಲಿ ಮಾಲು ಇಟ್ಟವರು ಏರುತ್ತದೆ ಅನ್ನುತ್ತಾರೆ, ಕೊಳ್ಳಬೇಕಾದವರು ಇಳಿಯುತ್ತದೆ ಅನ್ನುತ್ತಾರೆ. ಯಾರು ಹೇಳಿದ್ದು ಅಂತ ಗೊತ್ತಾದರೆ ಓದುಗರೇ ತೂಗಿ ನೋಡುತ್ತಾರೆ.

ನಮ್ಮ ಗೆಳೆಯರು ಇದಕ್ಕೆ ಉತ್ತರ ಕೊಡುತ್ತಾರೆ. ಡೆಸ್ಕಿನವರಿಗೆ ‘ತುಸು ಇಳಿಕೆ’ ಬೇಡ, ‘ಪಾತಾಳಕ್ಕೆ’ ಬೇಕು. ಸುದ್ದಿಗೆ ಇಷ್ಟು ಅಂತ ಕೊಡುವ ಹಣದಲ್ಲಿ ಪೆಟ್ರೋಲೂ ಹುಟ್ಟುವುದಿಲ್ಲ, ಲೆಕ್ಕ ಮಾಡುತ್ತ ಕೂಡಲು ಹೊತ್ತೆಲ್ಲಿ? ಇದು ಸುಳ್ಳಲ್ಲ, ನಾವೂ ಅದೇ ದೋಣಿಯಲ್ಲಿದ್ದೇವೆ. ಆದರೆ ಬೈಕಿನ ಲೆಕ್ಕ ಮಾಡಲು ಮೊಬೈಲಿನಲ್ಲಿ ಅರ್ಧ ನಿಮಿಷ ಸಾಕು. ‘ಏರಲಿದೆ’ ತೆಗೆದು ‘ಏರಬಹುದು’ ಹಾಕಲು ಅಷ್ಟೂ ಬೇಡ. ತಲೆಬರಹ ಡೆಸ್ಕಿನವರದು ಇರಬಹುದು, ಮೊದಲ ಪ್ಯಾರಾ ನಮ್ಮದು.

ಇನ್ನು ಕೆಲವರು, ಇಂಗ್ಲಿಷ್ ಕಲಿಯುವುದೇ ಬೇಡವೇ ಅನ್ನುತ್ತಾರೆ. ಬೇಕು, ಚೆನ್ನಾಗಿಯೇ ಬೇಕು. ನಮ್ಮ ಬಿಕಾಂ ಹುಡುಗ ಹುಡುಗಿಯರು ಬೆಂಗಳೂರು, ಹೈದರಾಬಾದಿಗೆ ಕೆಲಸ ಹುಡುಕಿಕೊಂಡು ಹೋದಾಗ ನಕ್ಷೆ ತೋರಿಸಿ ವಿವರಿಸು ಅನ್ನುತ್ತಾರೆ. ಈ ಮಾತುಗಳು ಬರದಿದ್ದರೆ ಅಲ್ಲೇ ನಿಲ್ಲುತ್ತಾರೆ. ನಮ್ಮ ತಕರಾರು ಕಲಿಸುವ ಬಗೆಯದು. ಎಲ್ಲಿಯದೋ ಊರಿನ ಕಾಫಿ ಮಾರಾಟದ ನಕ್ಷೆ ಇಟ್ಟು ‘ರೈಸ್’, ‘ಫಾಲ್’ ಬಾಯಿಪಾಠ ಮಾಡಿಸುವ ಬದಲು, ಯಾದಗಿರಿ ಎಪಿಎಂಸಿಯ ಹನ್ನೆರಡು ತಿಂಗಳ ಹತ್ತಿಯ ಮೋಡಲ್ ಬೆಲೆ ತೆಗೆಯಿರಿ, ಗೆರೆ ಎಳೆಯಿರಿ. ಅದರ ಮೇಲೆ ಹತ್ತು ವಾಕ್ಯ ಇಂಗ್ಲಿಷಿನಲ್ಲಿ, ಅದೇ ಹತ್ತು ವಾಕ್ಯ ಕನ್ನಡದಲ್ಲಿ ಬರೆಸಿ. ಕನ್ನಡದ್ದನ್ನು ಮನೆಯಲ್ಲಿ ಅಪ್ಪನಿಗೋ ಅವ್ವನಿಗೋ ಓದಿ ಹೇಳಲಿ. ಅವರು ಹೂಂ ಅಂದರೆ ಪಾಠ ಬಂದಿದೆ ಅಂತ ಅರ್ಥ.

ಓದುಗರಿಗೆ ನಮ್ಮದೊಂದು ಬಿನ್ನಹ. ಬೆಲೆಯ ಸುದ್ದಿ ಮೊಬೈಲಿಗೆ ಬಂದಾಗ ಐದು ಪ್ರಶ್ನೆ ಕೇಳಿ. ಎಷ್ಟರಿಂದ ಎಷ್ಟಕ್ಕೆ? ಯಾವಾಗಿನಿಂದ ಯಾವಾಗಿಗೆ? ಯಾವ ಪೇಟೆಯಲ್ಲಿ? ಗರಿಷ್ಠವೋ ಮೋಡಲ್ಲೋ? ಯಾರು ಹೇಳಿದ್ದು? ಐದರಲ್ಲಿ ಮೂರಕ್ಕೆ ಉತ್ತರ ಇಲ್ಲದಿದ್ದರೆ ಅದನ್ನು ನಂಬಿ ಮಾಲು ಮಾರಬೇಡಿ, ಇಟ್ಟುಕೊಳ್ಳಲೂ ಬೇಡಿ. ಆ ಸುದ್ದಿಯ ಕೆಳಗೆ ನಮ್ಮ ಹೆಸರಿದ್ದರೂ ಅಷ್ಟೇ. ಫೋನ್ ಮಾಡಿ ಕೇಳಿ.

ಸುರಪುರದ ಕಾಕಾ ಅವತ್ತು ಚಹಾ ಮುಗಿಸಿ, ನಾವು ತಪ್ಪಾಯಿತು ಅಂದಾಗ ಹೇಳಿದ್ದು ಇಷ್ಟು: "ಹೋಗ್ಲಿ ಬಿಡ್ರಿ ಸರ. ಮುಂದ ಬರಿಯಾಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬರೀರಿ. ಅದನ್ನ ಓದಿದ್ರ ನಾನು ಅರ್ಧಾರ ಮಾರತಿದ್ದೆ." ಮರುವಾರ ಅವರು ಹತ್ತೂ ಕ್ವಿಂಟಲ್ ಮಾರಿದರು. ಅಂದಿನಿಂದ ನಾವು ಬರೆದ ಯಾವ ಬೆಲೆಯ ಸುದ್ದಿಯಲ್ಲೂ ‘ಏರಲಿದೆ’ ಅಂತ ಬರೆದಿಲ್ಲ.